ಬೆಂಜ್ ನಕ್ಷತ್ರಕ್ಕೆ ಅಷ್ಟೊಂದು ಬೆಲೆ ಏಕೆ?

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿಯ ಹೊಸ ದರಗಳು ಜಾರಿಗೆ ಬಂದಾಗ ಪತ್ರಿಕೆಗಳ ತುಂಬ ಸೋಪು, ಟೂತ್‌ಪೇಸ್ಟ್, ಸಣ್ಣ ಕಾರುಗಳ ಬೆಲೆ ಇಳಿದ ಸುದ್ದಿಯೇ ಇತ್ತು. ಅದರ ನಡುವೆ ಐಷಾರಾಮಿ ಕಾರುಗಳೂ ಲಕ್ಷಗಟ್ಟಲೆ ಅಗ್ಗವಾದವು ಎಂಬ ಸುದ್ದಿಯೂ ಬಂತು. ಅರ್ಧ ಕೋಟಿ ರೂಪಾಯಿಯ ಕಾರು ಎರಡು ಮೂರು ಲಕ್ಷ ಇಳಿದರೆ ನಮಗೇನು ಎಂದು ಪುಟ ತಿರುಗಿಸಿದವರೇ ಹೆಚ್ಚಿರಬಹುದು. ಆದರೂ ಒಂದು ಕುತೂಹಲ ಉಳಿಯುತ್ತದೆ. ಅಷ್ಟು ದುಡ್ಡು ಸುರಿಯುವವರು ಕೊಳ್ಳುವುದಾದರೂ ಏನನ್ನು? ಮೂತಿಯ ಮೇಲಿನ ಮೂರು ಮೊನೆಯ ನಕ್ಷತ್ರವನ್ನೇ, ಒಳಗಿನ ಚರ್ಮದ ಸೀಟನ್ನೇ, ಅಥವಾ ಕಣ್ಣಿಗೆ ಕಾಣದ ಬೇರೇನನ್ನೋ?

ಕನ್ನಡನಾಡಿನಲ್ಲಿ ದುಬಾರಿ ಕಾರು ಎಂದೊಡನೆ ಬಾಯಿಗೆ ಬರುವುದು ಬೆಂಜ್, ಅಂದರೆ ಮರ್ಸಿಡಿಸ್-ಬೆಂಜ್. ಆದ್ದರಿಂದ ಆ ಒಂದು ಸಂಸ್ಥೆಯನ್ನೇ ಹಿಡಿದು ನೋಡೋಣ. ಇದರ ಚರಿತ್ರೆಯಲ್ಲಿ ಒಂದು ಎಳೆ ಮತ್ತೆ ಮತ್ತೆ ಕಾಣುತ್ತದೆ: ಶ್ರೀಮಂತರ ಕಾರಿನಲ್ಲಿ ಮೊದಲು ಪರೀಕ್ಷೆಯಾದದ್ದು ನಿಧಾನವಾಗಿ ಇಳಿದು ಎಲ್ಲರ ಕಾರಿಗೂ ಬಂದಿದೆ. ಈ ಕಾರನ್ನು ಜೀವಮಾನದಲ್ಲಿ ಕೊಳ್ಳದವರಿಗೂ ಅದರ ಕಥೆ ಬೇಕಾಗುವುದು ಆ ಕಾರಣಕ್ಕೆ.

ಪರಸ್ಪರ ಒಡನಾಡದ ಇಬ್ಬರು

ಸಂಸ್ಥೆಯ ಬೇರು ಎರಡು ಊರುಗಳಲ್ಲಿದೆ. ನೈಋತ್ಯ ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ಕಾರ್ಲ್ ಬೆಂಜ್ ಇದ್ದರು. ಅಲ್ಲಿಂದ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ, ಸ್ಟುಟ್‌ಗಾರ್ಟ್ ಪಕ್ಕದ ಕಾನ್‌ಸ್ಟಾಟ್‌ನಲ್ಲಿ, ಗಾಟ್ಲೀಬ್ ಡೈಮ್ಲರ್ ಮತ್ತು ಅವರ ಸಹೋದ್ಯೋಗಿ ವಿಲ್‌ಹೆಲ್ಮ್ ಮೇಬ್ಯಾಕ್ ಇದ್ದರು. ಹೆಚ್ಚುಕಡಿಮೆ ಒಂದೇ ವರ್ಷದಲ್ಲಿ ಎರಡೂ ಕಡೆ ಕಾರು ಹುಟ್ಟಿತು. ಆದರೆ ಡೈಮ್ಲರ್ ಮತ್ತು ಬೆಂಜ್ ಎಂದೂ ಜೊತೆಯಾಗಿ ಕೆಲಸ ಮಾಡಲಿಲ್ಲ.

ಆಗ ಎಂಜಿನ್‌ಗಳು ಇರಲಿಲ್ಲವೆಂದಲ್ಲ. ನಿಕೋಲಾಸ್ ಆಟೋ 1876ರಲ್ಲಿಯೇ ನಾಲ್ಕು ಹೊಡೆತದ ಎಂಜಿನ್ ಮಾಡಿದ್ದರು. ಇಂಧನ-ಗಾಳಿಯ ಮಿಶ್ರಣವನ್ನು ಒಳಗೆಳೆದುಕೊಳ್ಳುವುದು, ಒತ್ತುವುದು, ಕಿಡಿ ತಗುಲಿಸಿ ಸಿಡಿಸುವುದು, ಹೊಗೆಯನ್ನು ಹೊರದಬ್ಬುವುದು: ಈ ನಾಲ್ಕೇ ಹೆಜ್ಜೆಗಳಲ್ಲಿ ಇಂದಿನ ಪೆಟ್ರೋಲ್ ಎಂಜಿನ್ನೂ ಓಡುತ್ತದೆ. ಆದರೆ ಆಟೋ ಎಂಜಿನ್ ಕಾರ್ಖಾನೆಯ ನೆಲಕ್ಕೆ ಬಿಗಿದ ಭಾರದ ಯಂತ್ರವಾಗಿತ್ತು. ನಿಮಿಷಕ್ಕೆ ಇನ್ನೂರು ಸುತ್ತು ಸುತ್ತಿದರೆ ಹೆಚ್ಚು. ಸುತ್ತು ಕಡಿಮೆಯಿದ್ದರೆ, ಬೇಕಾದ ಶಕ್ತಿ ಪಡೆಯಲು ಎಂಜಿನ್ ದೊಡ್ಡದಾಗಲೇಬೇಕು. ಸುತ್ತು ಹೆಚ್ಚಿಸಿದರೆ ಸಣ್ಣ ಎಂಜಿನ್ನೇ ಸಾಕು ಎಂಬುದು ಡೈಮ್ಲರ್ ಮತ್ತು ಮೇಬ್ಯಾಕ್ ಹಿಡಿದ ದಾರಿ. ಅವರ ಎಂಜಿನ್ ನಿಮಿಷಕ್ಕೆ ಆರುನೂರು ಸುತ್ತು ದಾಟಿತು. ಗಾಡಿಯ ಮೇಲೆ ಎತ್ತಿ ಕೂರಿಸಬಹುದಾದಷ್ಟು ಹಗುರವೂ ಆಯಿತು.

ಈ ಕೆಲಸವೆಲ್ಲ ನಡೆದದ್ದು ಡೈಮ್ಲರ್ ಮನೆಯ ತೋಟದಲ್ಲಿದ್ದ ಗಿಡ ಬೆಳೆಸುವ ಗಾಜಿನ ಮನೆಯಲ್ಲಿ. ಇಬ್ಬರೂ ಬಾಗಿಲು ಹಾಕಿಕೊಂಡು ಹಗಲೂ ರಾತ್ರಿ ಲೋಹ ಕುಟ್ಟುವುದನ್ನು ಕೇಳಿದ ತೋಟದ ಮಾಲಿಗೆ, ಇವರು ಖೋಟಾ ನಾಣ್ಯ ಟಂಕಿಸುತ್ತಿದ್ದಾರೆ ಎಂಬ ಗುಮಾನಿ ಬಂತಂತೆ. ಆತ ಪೊಲೀಸರನ್ನು ಕರೆತಂದ. ಒಳಗೆ ಸಿಕ್ಕಿದ್ದು ಉಪಕರಣಗಳು ಮತ್ತು ಎಂಜಿನ್ನಿನ ಬಿಡಿಭಾಗಗಳು ಮಾತ್ರ.

ಅತ್ತ ಬೆಂಜ್ ಅವರ ಆಲೋಚನೆ ಬೇರೆ. ಕುದುರೆಗಾಡಿಗೆ ಎಂಜಿನ್ ಜೋಡಿಸುವ ಬದಲು ಎಂಜಿನ್ ಮತ್ತು ಗಾಡಿ ಎರಡನ್ನೂ ಒಂದೇ ಯಂತ್ರವಾಗಿ ರೂಪಿಸಿದರು. 1886ರ ಜನವರಿ 29ರಂದು ಅವರು ಪೇಟೆಂಟ್‌ಗೆ ಅರ್ಜಿ ಹಾಕಿದರು, ಸಂಖ್ಯೆ 37435. ಮೂರು ಚಕ್ರ, ಒಂದು ಸಿಲಿಂಡರ್, ಒಂದು ಅಶ್ವಶಕ್ತಿಗಿಂತಲೂ ಕಡಿಮೆ ಬಲ, ಗಂಟೆಗೆ ಸುಮಾರು 16 ಕಿಲೋಮೀಟರ್ ವೇಗ. ಕಾರಿನ ಜನನ ಪ್ರಮಾಣಪತ್ರ ಎಂದು ಇಂದು ಕರೆಯುವುದು ಈ ಕಾಗದವನ್ನೇ.

ಔಷಧ ಅಂಗಡಿಯಲ್ಲಿ ಸಿಕ್ಕ ಪೆಟ್ರೋಲು

ಪೇಟೆಂಟ್ ಸಿಕ್ಕಿತು, ಗಿರಾಕಿ ಸಿಗಲಿಲ್ಲ. ಸದ್ದು ಮಾಡುತ್ತಾ, ವಾಸನೆ ಬೀರುತ್ತಾ, ಕುದುರೆಗಳನ್ನು ಬೆದರಿಸುತ್ತಾ ಓಡುವ ಈ ಗಾಡಿಯನ್ನು ನಂಬಿ ಯಾರು ಕೊಳ್ಳಬೇಕು? ಕಾರ್ಲ್ ಬೆಂಜ್ ಒಳ್ಳೆಯ ಎಂಜಿನಿಯರ್, ಆದರೆ ವ್ಯಾಪಾರದಲ್ಲಿ ಅಂಜುಬುರುಕರು. ಅವರ ಪತ್ನಿ ಬರ್ತಾ ಹಾಗಿರಲಿಲ್ಲ. ಮದುವೆಗೂ ಮೊದಲೇ ತಮ್ಮ ಪಾಲಿನ ವರದಕ್ಷಿಣೆಯ ಹಣವನ್ನು ಕಾರ್ಲ್ ಅವರ ಕಾರ್ಯಾಗಾರಕ್ಕೆ ಹಾಕಿಸಿದ್ದ ಹೆಣ್ಣುಮಗಳು ಅವರು.

1888ರ ಆಗಸ್ಟ್ ತಿಂಗಳ ಒಂದು ಮುಂಜಾನೆ ಬರ್ತಾ ಗಂಡನಿಗೆ ತಿಳಿಸದೆ ಕಾರನ್ನು ಹೊರತಂದರು. ಜೊತೆಗೆ ಹದಿಹರೆಯದ ಇಬ್ಬರು ಮಕ್ಕಳು, ಓಯ್ಗನ್ ಮತ್ತು ರಿಚರ್ಡ್. ಗುರಿ ನೂರು ಕಿಲೋಮೀಟರ್ ಚಿಲ್ಲರೆ ದೂರದ ತವರೂರು ಫೋರ್ಟ್ಸ್‌ಹೈಮ್. ಅಲ್ಲಿಯವರೆಗೆ ಯಾವ ಕಾರೂ ಇಷ್ಟು ದೂರ ಹೋಗಿರಲಿಲ್ಲ.

ದಾರಿಯಲ್ಲಿ ಆದದ್ದೆಲ್ಲ ಇಂದಿನ ಚಾಲಕರಿಗೂ ಅರ್ಥವಾಗುವಂಥದ್ದೇ. ಇಂಧನ ಮುಗಿಯಿತು. ಪೆಟ್ರೋಲ್ ಬಂಕ್ ಎಂಬುದು ಪ್ರಪಂಚದಲ್ಲೇ ಇರಲಿಲ್ಲ. ವೀಸ್ಲೋಕ್ ಎಂಬ ಊರಿನ ಔಷಧ ಅಂಗಡಿಯಲ್ಲಿ ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೋಯಿನ್ ಎಂಬ ದ್ರವವನ್ನು ಬರ್ತಾ ಕೊಂಡು ತುಂಬಿಸಿದರು. ಆ ಅಂಗಡಿಯನ್ನು ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ಎಂದು ಇಂದಿಗೂ ತೋರಿಸುತ್ತಾರೆ. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನು ತೆಗೆದು ಚುಚ್ಚಿ ಬಿಡಿಸಿದರು. ವಿದ್ಯುತ್ ತಂತಿಯ ಹೊದಿಕೆ ಸವೆದು ಹೋದಾಗ ಕಾಲುಚೀಲದ ಪಟ್ಟಿಯನ್ನು ಸುತ್ತಿದರು. ಎಂಜಿನ್ ತಣಿಸುವ ನೀರು ಆವಿಯಾಗಿ ಹೋಗುತ್ತಿದ್ದುದರಿಂದ ಬಾವಿ, ತೊರೆ ಕಂಡಲ್ಲೆಲ್ಲ ನಿಲ್ಲಿಸಿ ತುಂಬಿಕೊಳ್ಳಬೇಕಾಯಿತು. ಇಳಿಜಾರಿನಲ್ಲಿ ಬ್ರೇಕಿನ ಮರದ ದಿಂಡು ಸವೆದಾಗ ಒಬ್ಬ ಚಮ್ಮಾರನಿಂದ ಅದಕ್ಕೆ ಚರ್ಮ ಹೊಡೆಸಿದರು. ಇಂದಿನ ಬ್ರೇಕ್ ಲೈನಿಂಗ್‌ನ ಮೂಲ ಅದೇ. ಏರಿನಲ್ಲಿ ಮಕ್ಕಳು ಇಳಿದು ತಳ್ಳಿದರು.

ಸಂಜೆಯ ಹೊತ್ತಿಗೆ ತವರು ಮುಟ್ಟಿ ಗಂಡನಿಗೆ ತಂತಿ ಕಳಿಸಿದರು. ಕೆಲವು ದಿನಗಳ ನಂತರ ಅದೇ ಕಾರಿನಲ್ಲಿ ಹಿಂದಿರುಗಿದರು. ಏರು ಹತ್ತಲು ಇನ್ನೊಂದು ಗೇರ್ ಬೇಕು ಎಂಬ ಅವರ ಮಾತನ್ನು ಕಾರ್ಲ್ ಜಾರಿಗೆ ತಂದರು. ಪ್ರಚಾರವಂತೂ ಸಿಕ್ಕೇ ಸಿಕ್ಕಿತು. ಕಂಪನಿಯ ಮೊದಲ ಜಾಹೀರಾತು ತಜ್ಞೆ, ಮೊದಲ ಪರೀಕ್ಷಾ ಚಾಲಕಿ, ಮೊದಲ ಮೆಕ್ಯಾನಿಕ್ ಮೂವರೂ ಒಬ್ಬರೇ ಎಂದರೆ ತಪ್ಪಾಗದು. ಬರ್ತಾ 1944ರವರೆಗೆ, 95 ವರ್ಷ ಬದುಕಿದರು.

ಹೆಸರು ಕೊಟ್ಟ ಹುಡುಗಿ

ಮರ್ಸಿಡಿಸ್ ಎಂಬುದು ಎಂಜಿನಿಯರ್ ಒಬ್ಬರ ಹೆಸರೆಂದು ಹಲವರು ತಿಳಿದಿದ್ದಾರೆ. ಅದು 1889ರಲ್ಲಿ ಹುಟ್ಟಿದ ಒಬ್ಬ ಹುಡುಗಿಯ ಹೆಸರು. ಆಕೆಯ ತಂದೆ ಎಮಿಲ್ ಯೆಲಿನೆಕ್ ಆಸ್ಟ್ರಿಯಾದ ವ್ಯಾಪಾರಿ. ಫ್ರಾನ್ಸಿನ ನೀಸ್ ನಗರದಲ್ಲಿ ನೆಲೆಸಿ, ಚಳಿಗಾಲ ಕಳೆಯಲು ಬರುವ ಯುರೋಪಿನ ಸಿರಿವಂತರಿಗೆ ಡೈಮ್ಲರ್ ಕಾರುಗಳನ್ನು ಮಾರುತ್ತಿದ್ದರು. ರೇಸುಗಳಿಗೆ ಹೆಸರು ನೋಂದಾಯಿಸುವಾಗ ಮಗಳ ಹೆಸರನ್ನೇ ಕೊಡುತ್ತಿದ್ದರು.

1900ರ ಮಾರ್ಚಿನಲ್ಲಿ ನೀಸ್ ಬಳಿಯ ಬೆಟ್ಟ ಹತ್ತುವ ರೇಸಿನಲ್ಲಿ ಡೈಮ್ಲರ್ ಕಾರು ಅಪಘಾತಕ್ಕೀಡಾಗಿ ಚಾಲಕ ವಿಲ್‌ಹೆಲ್ಮ್ ಬವರ್ ಮೃತಪಟ್ಟರು. ಅದೇ ತಿಂಗಳು ಗಾಟ್ಲೀಬ್ ಡೈಮ್ಲರ್ ಕೂಡ ತೀರಿಕೊಂಡಿದ್ದರು. ಕಂಪನಿ ರೇಸಿನ ಸಹವಾಸವೇ ಬೇಡ ಎನ್ನುತ್ತಿದ್ದಾಗ ಯೆಲಿನೆಕ್ ಪಟ್ಟು ಹಿಡಿದರು. ದೋಷ ವೇಗದಲ್ಲಿಲ್ಲ, ಕಾರಿನ ಎತ್ತರದಲ್ಲಿದೆ. ಉದ್ದ, ಅಗಲ ಹೆಚ್ಚಿಸಿ ಭಾರವನ್ನು ನೆಲಕ್ಕೆ ಹತ್ತಿರ ತನ್ನಿ ಎಂದರು. ಬರಿದೇ ಉಪದೇಶ ಮಾಡಿ ಸುಮ್ಮನಾಗಲಿಲ್ಲ. 36 ಕಾರುಗಳಿಗೆ ಐದೂವರೆ ಲಕ್ಷ ಮಾರ್ಕ್‌ಗಳ ಆರ್ಡರ್ ಇಟ್ಟರು. ಎರಡು ಷರತ್ತು: ಎಂಜಿನ್ ಹೊಸದಾಗಿರಬೇಕು, ಅದಕ್ಕೆ ತಮ್ಮ ಮಗಳ ಹೆಸರಿಡಬೇಕು.

ಮೇಬ್ಯಾಕ್ ರೂಪಿಸಿದ 35 ಅಶ್ವಶಕ್ತಿಯ ಆ ಕಾರು 1901ರ ಮಾರ್ಚಿನ ನೀಸ್ ರೇಸುಗಳನ್ನು ಬಾಚಿಕೊಂಡಿತು. ಅದರ ರೇಡಿಯೇಟರನ್ನು ಹತ್ತಿರದಿಂದ ನೋಡಬೇಕು. ಆರು ಮಿಲಿಮೀಟರ್ ಚದರದ ಎಂಟು ಸಾವಿರಕ್ಕೂ ಹೆಚ್ಚು ಪುಟ್ಟ ನಾಳಗಳನ್ನು ಒಟ್ಟಿಗೆ ಬೆಸೆದ ಜೇನುಹುಟ್ಟಿನಂಥ ರಚನೆ ಅದು. ಗಾಳಿಗೆ ಒಡ್ಡಿಕೊಳ್ಳುವ ಲೋಹದ ಮೇಲ್ಮೈ ಹೆಚ್ಚಿದ್ದರಿಂದ ಸ್ವಲ್ಪ ನೀರಿನಲ್ಲೇ ಎಂಜಿನ್ ತಣಿಯುತ್ತಿತ್ತು. ಬರ್ತಾ ಅವರಂತೆ ಬಾವಿ ಹುಡುಕುವ ಕಾಲ ಅಲ್ಲಿಗೆ ಮುಗಿಯಿತು. ಎಂಜಿನ್ ಮುಂದೆ, ಅದರ ಮುಂದೆ ರೇಡಿಯೇಟರ್, ಹಿಂದೆ ಜನ, ತಗ್ಗಿನ ಚೌಕಟ್ಟು ಎಂಬ ಈ ಜೋಡಣೆಯನ್ನೇ ಮುಂದೆ ಎಲ್ಲರೂ ಅನುಸರಿಸಿದರು. ಕುದುರೆಯಿಲ್ಲದ ಕುದುರೆಗಾಡಿ ಕಾರಿನ ಆಕಾರ ತಳೆದದ್ದು ಇಲ್ಲಿ.

1902ರಲ್ಲಿ ಮರ್ಸಿಡಿಸ್ ನೋಂದಾಯಿತ ಹೆಸರಾಯಿತು. ಯೆಲಿನೆಕ್ ಮರುವರ್ಷ ತಮ್ಮ ಹೆಸರಿಗೇ ಅದನ್ನು ಸೇರಿಸಿಕೊಂಡರು. ಮಗಳ ಹೆಸರನ್ನು ತಂದೆ ಧರಿಸಿದ ಅಪರೂಪದ ಪ್ರಸಂಗ. ಆ ಮಗಳಿಗೆ ಮಾತ್ರ ಕಾರುಗಳಲ್ಲಿ ವಿಶೇಷ ಆಸಕ್ತಿ ಇರಲಿಲ್ಲ. 1929ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ, ವಿಯೆನ್ನಾದಲ್ಲಿ ತೀರಿಕೊಂಡರು.

ಇನ್ನು ನಕ್ಷತ್ರ. ಡೈಮ್ಲರ್ ಹಿಂದೊಮ್ಮೆ ಪತ್ನಿಗೆ ಬರೆದ ಅಂಚೆ ಕಾರ್ಡಿನಲ್ಲಿ ತಮ್ಮ ಮನೆಯ ಮೇಲೆ ಒಂದು ನಕ್ಷತ್ರ ಗುರುತಿಸಿದ್ದರಂತೆ. ಅದನ್ನು ನೆನಪಿಟ್ಟಿದ್ದ ಮಕ್ಕಳ ಸಲಹೆಯಂತೆ 1909ರಲ್ಲಿ ಅದು ಲಾಂಛನವಾಯಿತು. ಮೂರು ಮೊನೆಗಳು ನೆಲ, ಜಲ, ಆಕಾಶ ಮೂರರಲ್ಲೂ ಓಡುವ ಎಂಜಿನ್‌ಗಳ ಕನಸನ್ನು ಸೂಚಿಸುತ್ತವೆ. ಮೊದಲ ಮಹಾಯುದ್ಧದ ನಂತರದ ಹಣದುಬ್ಬರ ಜರ್ಮನಿಯನ್ನು ನುಂಗಿದಾಗ, ಅದುವರೆಗೆ ಪ್ರತಿಸ್ಪರ್ಧಿಗಳಾಗಿದ್ದ ಬೆಂಜ್ ಮತ್ತು ಡೈಮ್ಲರ್ ಕಂಪನಿಗಳು ಉಳಿವಿಗಾಗಿ ಕೈ ಹಿಡಿದವು. 1926ರ ಜೂನ್ 28ರಂದು ವಿಲೀನ. ನಕ್ಷತ್ರದ ಸುತ್ತ ಬೆಂಜ್ ಕಂಪನಿಯ ಎಲೆಗಳ ಮಾಲೆ ಸೇರಿತು, ಹೆಸರು ಮರ್ಸಿಡಿಸ್-ಬೆಂಜ್ ಆಯಿತು.

ನಕ್ಷತ್ರದ ಮೇಲಿನ ಕಲೆ

ಹೊಳಪಿನ ಕಥೆ ಹೇಳುವವರು ಬಿಟ್ಟುಬಿಡುವ ಭಾಗ ಇದು. ಹಿಟ್ಲರ್ ಮೆರವಣಿಗೆಗಳಲ್ಲಿ ನಿಂತು ಸಾಗುತ್ತಿದ್ದುದು ಮರ್ಸಿಡಿಸ್‌ನ 770 ಮಾದರಿಯ ತೆರೆದ ಕಾರಿನಲ್ಲಿ. ಎಮಿಲ್ ಯೆಲಿನೆಕ್ ವಿಯೆನ್ನಾದ ಪ್ರಸಿದ್ಧ ಯಹೂದಿ ಧರ್ಮಗುರುವಿನ ಮಗ. ಎಂದರೆ ಯಹೂದಿಗಳನ್ನು ಕೊಲ್ಲಿಸಿದವನ ಕಾರಿಗೆ ಇದ್ದದ್ದು ಯಹೂದಿ ಗುರುವಿನ ಮೊಮ್ಮಗಳ ಹೆಸರು.

ಯುದ್ಧಕಾಲದಲ್ಲಿ ಸಂಸ್ಥೆ ಸೇನೆಗೆ ಲಾರಿಗಳನ್ನೂ ವಿಮಾನದ ಎಂಜಿನ್‌ಗಳನ್ನೂ ತಯಾರಿಸಿತು. 1944ರಲ್ಲಿ ಅಲ್ಲಿ ದುಡಿಯುತ್ತಿದ್ದ ಅರವತ್ತು ಸಾವಿರಕ್ಕೂ ಹೆಚ್ಚು ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಬಲವಂತವಾಗಿ ತಂದವರು: ಆಕ್ರಮಿತ ದೇಶಗಳ ನಾಗರಿಕರು, ಯುದ್ಧಕೈದಿಗಳು, ಯಾತನಾ ಶಿಬಿರದ ಬಂದಿಗಳು. ದಶಕಗಳ ನಂತರ ಸಂಸ್ಥೆ ಇದನ್ನು ಒಪ್ಪಿಕೊಂಡು ಇತಿಹಾಸಕಾರರ ಅಧ್ಯಯನಕ್ಕೆ ಅವಕಾಶ ಕೊಟ್ಟಿತು. 2000ರಲ್ಲಿ ಜರ್ಮನ್ ಸರ್ಕಾರ ಮತ್ತು ಉದ್ಯಮಗಳು ಸೇರಿ ಸ್ಥಾಪಿಸಿದ ಪರಿಹಾರ ಪ್ರತಿಷ್ಠಾನಕ್ಕೂ ಹಣ ಕೊಟ್ಟಿತು.

ನಜ್ಜುಗುಜ್ಜಾಗಲೆಂದೇ ಮಾಡಿದ ಮೂತಿ

ಯುದ್ಧಾನಂತರದ ಬೆಂಜ್ ಹೆಸರು ಯಾವುದರ ಮೇಲೆ ನಿಂತಿದೆ ಎಂದು ಕೇಳಿದರೆ ನಾನು ಮೊದಲು ಹೇಳುವುದು ಸುರಕ್ಷತೆಯನ್ನು. ಅದರಲ್ಲೂ ಬೇಲಾ ಬರೇನಿ ಎಂಬ ಎಂಜಿನಿಯರನ್ನು.

ಕಾರು ಗಟ್ಟಿಯಾದಷ್ಟೂ ಒಳಗಿನವರು ಕ್ಷೇಮ ಎಂಬುದು ಅದುವರೆಗಿನ ನಂಬಿಕೆ. ಕೇಳಲು ಸರಿಯೆನಿಸುತ್ತದೆ. ಆದರೆ ಅಪಘಾತಗಳಲ್ಲಿ ಕಾರು ಅಷ್ಟಾಗಿ ಜಖಂ ಆಗದೆ ಒಳಗಿದ್ದವರು ಸತ್ತಿರುತ್ತಿದ್ದರು. ಕಾರಣ ಸರಳ. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಗೋಡೆಗೆ ಬಡಿದು ತಟಕ್ಕನೆ ನಿಂತರೂ ದೇಹ ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತಿರುತ್ತದೆ. ಕಾರು ಹತ್ತು ಸೆಂಟಿಮೀಟರ್ ದೂರದಲ್ಲಿ ನಿಂತರೆ ದೇಹದ ಮೇಲೆ ಬೀಳುವ ಬಲ ಭಯಂಕರ. ಅದೇ ಅರುವತ್ತು ಸೆಂಟಿಮೀಟರ್ ಕುಸಿಯುತ್ತಾ ನಿಂತರೆ ಬಲ ಸುಮಾರಾಗಿ ಆರನೇ ಒಂದು ಭಾಗಕ್ಕೆ ಇಳಿಯುತ್ತದೆ. ಸಾವು ಬದುಕಿನ ವ್ಯತ್ಯಾಸ ಆ ಅರ್ಧ ಮೀಟರಿನಲ್ಲಿದೆ.

ಮರದಿಂದ ಬಿದ್ದ ತೆಂಗಿನಕಾಯಿಯನ್ನು ನೆನೆಸಿಕೊಳ್ಳಿ. ಅಷ್ಟು ಎತ್ತರದಿಂದ ಬಿದ್ದರೂ ಒಳಗಿನ ಕಾಯಿ ಒಡೆಯುವುದು ಅಪರೂಪ, ಏಕೆಂದರೆ ಹೊರಗಿನ ನಾರಿನ ಸಿಪ್ಪೆ ಪೆಟ್ಟನ್ನು ನುಂಗುತ್ತದೆ. ಅದೇ ಕಾಯಿಯನ್ನು ಸುಲಿದು ಸೊಂಟದೆತ್ತರದಿಂದ ಕಲ್ಲಿನ ಮೇಲೆ ಬಿಟ್ಟರೂ ಎರಡು ಹೋಳು. ಬರೇನಿ ಕಾರಿಗೆ ಮಾಡಿದ್ದೂ ಇದನ್ನೇ. ಜನ ಕೂರುವ ನಡುವಣ ಕೋಶವನ್ನು ಕರಟದಂತೆ ಬಿಗಿಯಾಗಿ, ಮುಂದಿನ ಮತ್ತು ಹಿಂದಿನ ಭಾಗಗಳನ್ನು ಸಿಪ್ಪೆಯಂತೆ ಕುಸಿಯಲು ಬಿಟ್ಟು ರೂಪಿಸಿದರು. 1951ರಲ್ಲಿ ಪೇಟೆಂಟ್‌ಗೆ ಅರ್ಜಿ, 1959ರಲ್ಲಿ ಮಾರಾಟದ ಕಾರಿನಲ್ಲಿ ಬಳಕೆ. ಅದೇ ವರ್ಷ ಜಿಂಡೆಲ್‌ಫಿಂಗನ್ ಕಾರ್ಖಾನೆಯಲ್ಲಿ ಕಾರುಗಳನ್ನು ಬೇಕೆಂದೇ ಗುದ್ದಿಸಿ ನೋಡುವ ಪರೀಕ್ಷೆಗಳು ಆರಂಭವಾದವು. ಕಾರನ್ನು ವೇಗವಾಗಿ ತಳ್ಳಲು ಬಿಸಿನೀರಿನ ಹಬೆಯಿಂದ ಚಿಮ್ಮುವ ರಾಕೆಟ್ ಕಟ್ಟುತ್ತಿದ್ದ ಕಾಲವೂ ಒಂದಿತ್ತು!

ಇಂದು ಸಣ್ಣ ಅಪಘಾತದಲ್ಲಿ ಮೂತಿ ಅಪ್ಪಚ್ಚಿಯಾದ ಕಾರು ಕಂಡು 'ಬರೀ ತಗಡು' ಎಂದು ಮೂಗು ಮುರಿಯುವವರಿದ್ದಾರೆ. ಮೂತಿ ಅಪ್ಪಚ್ಚಿಯಾಗಿ ಒಳಗಿನವರು ಇಳಿದು ನಡೆದು ಬಂದಿದ್ದರೆ ಅದು ತನ್ನ ಕೆಲಸ ಮಾಡಿದೆ ಎಂದೇ ಅರ್ಥ.

ಎರಡನೆಯ ಉದಾಹರಣೆ ಎಬಿಎಸ್. ಗಾಬರಿಯಲ್ಲಿ ಬ್ರೇಕ್ ಒತ್ತಿದಾಗ ಚಕ್ರಗಳು ಸುತ್ತುವುದನ್ನೇ ನಿಲ್ಲಿಸಿ ಜಾರತೊಡಗುತ್ತವೆ. ಜಾರುವ ಚಕ್ರ ಸ್ಟೀರಿಂಗಿನ ಮಾತು ಕೇಳುವುದಿಲ್ಲ. ಎಬಿಎಸ್‌ನಲ್ಲಿ ಪ್ರತಿ ಚಕ್ರದ ಬಳಿ ಇರುವ ಸಂವೇದಕ ಸುತ್ತುಗಳನ್ನು ಎಣಿಸುತ್ತಿರುತ್ತದೆ. ಯಾವುದಾದರೂ ಚಕ್ರ ಸ್ತಬ್ಧವಾಗುವ ಲಕ್ಷಣ ಕಂಡೊಡನೆ ಅದರ ಬ್ರೇಕನ್ನು ಕ್ಷಣಮಾತ್ರ ಸಡಿಲಿಸಿ ಮತ್ತೆ ಬಿಗಿಯುತ್ತದೆ, ಸೆಕೆಂಡಿಗೆ ಹಲವು ಬಾರಿ. ಕಾಲಡಿಯ ಪೆಡಲ್ ಅದುರುವುದು ಅದಕ್ಕೇ. ಬೇರೆ ಬೇರೆ ರೂಪದಲ್ಲಿ ಇತರರೂ ಇದನ್ನು ಯತ್ನಿಸಿದ್ದರು. ನಾಲ್ಕೂ ಚಕ್ರಗಳನ್ನು ಡಿಜಿಟಲ್ ವಿದ್ಯುನ್ಮಾನದಿಂದ ನಿಭಾಯಿಸುವ ವ್ಯವಸ್ಥೆ 1978ರಲ್ಲಿ ಬೆಂಜ್‌ನ ದೊಡ್ಡ, ದುಬಾರಿ ಕಾರು ಎಸ್-ಕ್ಲಾಸ್‌ಗೆ ಬಂತು. ಬಾಷ್ ಕಂಪನಿಯ ಜೊತೆಗೂಡಿ ಮಾಡಿದ್ದು. ಬೆಂಗಳೂರಿನ ಹಳಬರು ಮೈಕೋ ಎಂದು ಕರೆಯುತ್ತಿದ್ದ, ಆಡುಗೋಡಿಯ ಕಾರ್ಖಾನೆ ಇದೇ ಬಾಷ್ ಬಳಗದ್ದು. ಆಗ ಎಬಿಎಸ್ ಹೆಚ್ಚುವರಿ ಹಣ ಕೊಟ್ಟವರಿಗೆ ಮಾತ್ರ ಸಿಗುವ ಸೌಲಭ್ಯ. ಭಾರತದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ, 125 ಸಿಸಿ ದಾಟಿದ ಬೈಕುಗಳಿಗೂ ಎಬಿಎಸ್ ಕಡ್ಡಾಯ.

ಮೂರನೆಯದು ಮುಖಭಂಗದಿಂದ ಹುಟ್ಟಿದ್ದು. 1997ರ ಅಕ್ಟೋಬರ್‌ನಲ್ಲಿ ಸ್ವೀಡನ್ನಿನ ವಾಹನ ಪತ್ರಿಕೆಯೊಂದು ಬೆಂಜ್‌ನ ಹೊಸ ಸಣ್ಣ ಕಾರು ಎ-ಕ್ಲಾಸನ್ನು ಪರೀಕ್ಷಿಸಿತು. ರಸ್ತೆಗೆ ದಿಢೀರನೆ ಕಡವೆಯಂಥ ಪ್ರಾಣಿ ಅಡ್ಡಬಂದರೆ ಚಾಲಕ ಹೇಗೆ ಎಡಕ್ಕೂ ಬಲಕ್ಕೂ ತಿರುಗಿಸುತ್ತಾನೋ ಹಾಗೆ ತಿರುಗಿಸುವ ಪರೀಕ್ಷೆ. ಕಾರು ಮಗುಚಿ ಬಿತ್ತು. ಜಗತ್ತಿಗೇ ಸುರಕ್ಷತೆಯ ಪಾಠ ಹೇಳುತ್ತಿದ್ದ ಕಂಪನಿಯ ಮಾನ ಹೋಯಿತು. ಮೊದಲಿಗೆ ಸಂಸ್ಥೆ ತಳ್ಳಿಹಾಕಲು ನೋಡಿತು, ಆಮೇಲೆ ಮಾರಾಟವನ್ನೇ ನಿಲ್ಲಿಸಿ ಎಲ್ಲ ಎ-ಕ್ಲಾಸ್ ಕಾರುಗಳಿಗೂ ಇಎಸ್‌ಪಿ ಅಳವಡಿಸಿತು. ಕಾರು ಚಾಲಕ ತಿರುಗಿಸಿದ ದಿಕ್ಕು ಬಿಟ್ಟು ಅಡ್ಡಾದಿಡ್ಡಿ ಜಾರುತ್ತಿದ್ದರೆ ಆಯ್ದ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿ ದಾರಿಗೆ ತರುವ ವ್ಯವಸ್ಥೆ ಅದು. ಎರಡು ವರ್ಷ ಹಿಂದಷ್ಟೇ, 1995ರಲ್ಲಿ, ಎಸ್-ಕ್ಲಾಸ್‌ನ ಅತಿ ದುಬಾರಿ ಮಾದರಿಗೆ ಬಂದಿದ್ದ ಸೌಲಭ್ಯ ಹೀಗೆ ಅತಿ ಚಿಕ್ಕ ಕಾರಿಗೆ ಇಳಿಯಿತು. ಒಮ್ಮೆ ಚಿಕ್ಕ ಕಾರಿನಲ್ಲಿ ಕೊಟ್ಟ ಮೇಲೆ ಬೇರೆ ಕಂಪನಿಗಳೂ ಕೊಡದಿರಲಾಗಲಿಲ್ಲ.

ರೇಸು, ಟ್ಯಾಕ್ಸಿ, ಲಾರಿ

ಆಕರ್ಷಣೆ ಹುಟ್ಟುವುದು ಸುರಕ್ಷತೆಯಿಂದಲೇ ಅಲ್ಲವಲ್ಲ. 1954ರ 300 ಎಸ್ಎಲ್ ಕಾರಿನ ಬಾಗಿಲುಗಳು ಹಕ್ಕಿಯ ರೆಕ್ಕೆಯಂತೆ ಮೇಲಕ್ಕೆ ತೆರೆಯುತ್ತವೆ. ಅದು ಶೋಕಿಗಾಗಿ ಮಾಡಿದ್ದಲ್ಲ. ಹಗುರವಾಗಿರಲೆಂದು ತೆಳು ಕೊಳವೆಗಳಿಂದ ಹೆಣೆದ ಚೌಕಟ್ಟು ಅದರದು. ಬಿಗುವಿಗಾಗಿ ಬದಿಗಳಲ್ಲಿ ಆ ಹೆಣಿಗೆ ಎತ್ತರಕ್ಕೆ ಬರಲೇಬೇಕಿತ್ತು. ಸಾಮಾನ್ಯ ಬಾಗಿಲಿಗೆ ಜಾಗವೇ ಉಳಿಯಲಿಲ್ಲ. ಬಾಗಿಲಿನ ಕೀಲನ್ನು ಚಾವಣಿಗೆ ಹಾಕಿದರು. 1,400 ಕಾರುಗಳಷ್ಟೇ ತಯಾರಾದವು.

1955ರ ಮೇ ತಿಂಗಳಲ್ಲಿ ಬ್ರಿಟನ್ನಿನ ರೇಸ್ ಚಾಲಕ ಸ್ಟರ್ಲಿಂಗ್ ಮಾಸ್ ಇಟಲಿಯ ಸಾರ್ವಜನಿಕ ರಸ್ತೆಗಳಲ್ಲಿ ನಡೆದ ಮಿಲ್ಲೆ ಮಿಲ್ಯಾ ರೇಸನ್ನು 300 ಎಸ್ಎಲ್ಆರ್ ಕಾರಿನಲ್ಲಿ ಗಂಟೆಗೆ ಸರಾಸರಿ 157 ಕಿಲೋಮೀಟರ್ ವೇಗದಲ್ಲಿ ಗೆದ್ದರು. ಮರುತಿಂಗಳೇ ಫ್ರಾನ್ಸಿನ ಲ ಮಾನ್ ರೇಸಿನಲ್ಲಿ ಅದೇ ಮಾದರಿಯ ಕಾರು ಪ್ರೇಕ್ಷಕರ ನಡುವೆ ಸಿಡಿದು ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ವರ್ಷಾಂತ್ಯಕ್ಕೆ ಕಂಪನಿ ರೇಸಿನಿಂದ ಹಿಂದೆ ಸರಿಯಿತು, ದಶಕಗಳ ಕಾಲ. 300 ಎಸ್ಎಲ್ಆರ್ ಮಾದರಿಯ ಎರಡೇ ಎರಡು ಚಾವಣಿ ಮುಚ್ಚಿದ ಕಾರುಗಳ ಪೈಕಿ ಒಂದು 2022ರಲ್ಲಿ 13.5 ಕೋಟಿ ಯೂರೊಗೆ ಹರಾಜಾಯಿತು. ಆಗಿನ ಲೆಕ್ಕಕ್ಕೆ ಸಾವಿರ ಕೋಟಿ ರೂಪಾಯಿ ದಾಟಿದ ಮೊತ್ತ!

ಇನ್ನೊಂದು ತುದಿಯಲ್ಲಿ ಟ್ಯಾಕ್ಸಿ. ನಮ್ಮಲ್ಲಿ ಮದುವೆ ಗಂಡನ್ನು ಕೂರಿಸಲು ಬಾಡಿಗೆಗೆ ತರುವ ಬೆಂಜ್, ಜರ್ಮನಿಯಲ್ಲಿ ರೈಲು ನಿಲ್ದಾಣದ ಎದುರು ಸಾಲುಗಟ್ಟಿ ನಿಂತ ಕೆನೆ ಬಣ್ಣದ ಬಾಡಿಗೆ ಕಾರು. 1936ರಲ್ಲೇ ಡೀಸೆಲ್ ಕಾರು ತಂದ ಸಂಸ್ಥೆಗೆ ದುಡಿಯುವ ಚಾಲಕರೇ ದೊಡ್ಡ ಗಿರಾಕಿಗಳಾಗಿದ್ದರು. ಗ್ರೀಸ್ ದೇಶದ ಟ್ಯಾಕ್ಸಿ ಚಾಲಕರೊಬ್ಬರು 1976ರ 240 ಡಿ ಕಾರನ್ನು 46 ಲಕ್ಷ ಕಿಲೋಮೀಟರ್ ಓಡಿಸಿ, 2004ರಲ್ಲಿ ಕಂಪನಿಯ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದರು. ನಡುವೆ ಎಂಜಿನ್ ಹಲವು ಬಾರಿ ಬದಲಾಗಿತ್ತು. ಮುರಿಯದ ಕಾರು ಎಂಬ ಹೆಸರು ಬಂದದ್ದು ಈ ದುಡಿಮೆಯಿಂದ. 1990ರ ದಶಕದ ಕೆಲವು ಮಾದರಿಗಳು ತುಕ್ಕು ಹಿಡಿದು ಆ ಹೆಸರಿಗೆ ಪೆಟ್ಟು ಕೊಟ್ಟದ್ದೂ ನಿಜ.

ಭಾರತಕ್ಕೆ ನಕ್ಷತ್ರ ಮೊದಲು ದೊಡ್ಡ ಸಂಖ್ಯೆಯಲ್ಲಿ ಬಂದದ್ದೂ ಲಾರಿಯ ಮೂತಿಯಲ್ಲೇ. 1954ರಲ್ಲಿ ಟಾಟಾ ಸಂಸ್ಥೆ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಜಮ್‌ಷೆಡ್‌ಪುರದಲ್ಲಿ ಟಾಟಾ-ಮರ್ಸಿಡಿಸ್ ಲಾರಿಗಳನ್ನು ಕಟ್ಟಿತು. 1969ರಲ್ಲಿ ಒಪ್ಪಂದ ಮುಗಿದ ಮೇಲೆ ನಕ್ಷತ್ರದ ಜಾಗಕ್ಕೆ ಟಾಟಾದ 'ಟಿ' ಬಂತು.

ಹೆಸರಿನ ಅಕ್ಷರಗಳನ್ನು ಓದುವುದು ಹೇಗೆ?

ಎ, ಸಿ, ಇ, ಎಸ್: ಈ ಕ್ರಮದಲ್ಲಿ ಗಾತ್ರವೂ ಬೆಲೆಯೂ ಏರುತ್ತವೆ. ಜಿಎಲ್ ಎಂದು ಆರಂಭವಾದರೆ ಎಸ್‌ಯುವಿ. ಮುಂದಿನ ಅಕ್ಷರ ಅಂತಸ್ತು ಹೇಳುತ್ತದೆ, ಜಿಎಲ್‌ಸಿ ಎಂದರೆ ಸಿ-ಕ್ಲಾಸ್ ಮಟ್ಟದ್ದು. ಒಂಟಿ ಜಿ ಎಂದರೆ 1979ರಿಂದ ಹೆಚ್ಚುಕಡಿಮೆ ಅದೇ ಪೆಟ್ಟಿಗೆ ಆಕಾರದಲ್ಲಿ ಉಳಿದ ಜೀಪು. ಎಎಂಜಿ ಎಂಬುದು ವೇಗದ ಮಾದರಿ. 1967ರಲ್ಲಿ ಔಫ್ರೆಕ್ಟ್ ಮತ್ತು ಮೆಲ್ಶರ್ ಎಂಬ ಇಬ್ಬರು ಆರಂಭಿಸಿದ ಕಾರ್ಯಾಗಾರ ಮುಂದೆ ಕಂಪನಿಯ ಭಾಗವಾಯಿತು. ಮೇಬ್ಯಾಕ್ ಎಂದರೆ ಹಿಂದಿನ ಸೀಟಿನಲ್ಲಿ ಕೂರುವ ಮಾಲೀಕನ ಕಾರು. ಗಾಜಿನ ಮನೆಯಲ್ಲಿ ಲೋಹ ಕುಟ್ಟುತ್ತಿದ್ದವರ ಹೆಸರು ಹಾಗೆ ಉಳಿದಿದೆ.

ನೂರು ರೂಪಾಯಿಯ ಕಾರು ಮನೆ ಸೇರುವಾಗ

ಮರ್ಸಿಡಿಸ್-ಬೆಂಜ್ 1994ರಲ್ಲಿ ಭಾರತದಲ್ಲಿ ಕಾರು ಕಂಪನಿ ತೆರೆಯಿತು. ಪುಣೆಯಲ್ಲಿ ಆರಂಭವಾದ ತಯಾರಿಕೆ 2009ರಿಂದ ಅಲ್ಲಿಗೆ ಹತ್ತಿರದ ಚಾಕಣ್‌ನಲ್ಲಿದೆ. ಇಲ್ಲಿ ಮಾರುವ ಬಹುತೇಕ ಮಾದರಿಗಳು ಬಿಡಿಭಾಗಗಳಾಗಿ ಬಂದು ಚಾಕಣ್‌ನಲ್ಲಿ ಜೋಡಣೆಯಾಗುತ್ತವೆ. ಪೂರ್ತಿ ಕಾರನ್ನೇ ಹಡಗಿನಲ್ಲಿ ತಂದರೆ ಆಮದು ಸುಂಕ ಬಹಳ ಹೆಚ್ಚು, ಬಿಡಿಭಾಗಗಳಿಗೆ ಕಡಿಮೆ. ಮಾಲೀಕ ಹಿಂದೆ ಕೂರುವ ನಮ್ಮ ರೂಢಿ ನೋಡಿ ಇ-ಕ್ಲಾಸನ್ನು ಉದ್ದ ಮಾಡಿ ಮಾರುತ್ತಾರೆ.

ಈಗ ತೆರಿಗೆ. 2025ರ ಬದಲಾವಣೆಗೆ ಮೊದಲು ದೊಡ್ಡ ಕಾರಿಗೆ ಶೇ 28 ಜಿಎಸ್‌ಟಿ, ಮೇಲೆ ಶೇ 22ರವರೆಗೆ ಸೆಸ್. ಈಗ ಒಟ್ಟಾಗಿ ಶೇ 40. ಇಲ್ಲೊಂದು ತಮಾಷೆ ಇದೆ. ಪೆಟ್ರೋಲ್ ಕಾರು 1,200 ಸಿಸಿ ಅಥವಾ ನಾಲ್ಕು ಮೀಟರ್ ಉದ್ದ ದಾಟಿದರೆ ಸಾಕು, ಶೇ 40ರ ಪಟ್ಟಿಗೆ ಸೇರುತ್ತದೆ. ಮಧ್ಯಮ ವರ್ಗದವರು ಸಾಲ ಮಾಡಿ ಕೊಳ್ಳುವ ಎಸ್‌ಯುವಿಯೂ ಎಸ್-ಕ್ಲಾಸೂ ಜಿಎಸ್‌ಟಿ ಕಣ್ಣಿಗೆ ಒಂದೇ. ವಿದ್ಯುತ್ ಕಾರಿಗೆ ಮಾತ್ರ, ಬೆಲೆ ಕೋಟಿಯಾದರೂ, ಶೇ 5.

ತೆರಿಗೆ ಸೇರದ ಬೆಲೆ ನೂರು ರೂಪಾಯಿ ಎಂದಿಟ್ಟುಕೊಳ್ಳಿ. ಶೇ 40 ಸೇರಿ 140. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿ ಮೀರಿದ ಕಾರಿಗೆ ಜೀವಿತಾವಧಿ ರಸ್ತೆ ತೆರಿಗೆ ಶೇ 18, ಅದರ ಮೇಲೆ ಉಪಕರ. ಅಲ್ಲಿಗೆ 165 ದಾಟುತ್ತದೆ. ವಿಮೆ ಬೇರೆ. ಹಾಗಾಗಿ ಬೆಂಜ್ ಕೊಂಡವರು ಕೊಟ್ಟ ಹಣದ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ನೇರವಾಗಿ ಸರ್ಕಾರಗಳಿಗೆ ಹೋಗುತ್ತದೆ. ಪುದುಚೇರಿ ನೋಂದಣಿಯ ದುಬಾರಿ ಕಾರುಗಳು ಬೆಂಗಳೂರಿನಲ್ಲಿ ಓಡಾಡುವುದೂ, ಸಾರಿಗೆ ಇಲಾಖೆ ಅವುಗಳ ಬೆನ್ನು ಬೀಳುವುದೂ ಎರಡು ಕಡೆಯ ರಸ್ತೆ ತೆರಿಗೆಯ ಅಂತರದಿಂದಲೇ.

ಹೊಸದು ಕೈಗೆಟುಕದವರು ಹಳೆಯದರತ್ತ ನೋಡುತ್ತಾರೆ. ಐದಾರು ವರ್ಷದಲ್ಲಿ ಇಂಥ ಕಾರಿನ ಬೆಲೆ ಅರ್ಧಕ್ಕಿಂತ ಕೆಳಗಿಳಿಯುವುದು ಸಾಮಾನ್ಯ. ಬಿಡಿಭಾಗಗಳ ಬೆಲೆ ಮಾತ್ರ ಇಳಿಯುವುದಿಲ್ಲ. ಗಾಳಿಯೊತ್ತಡದ ಸಸ್ಪೆನ್ಷನ್ ಕೆಟ್ಟರೆ ಬರುವ ಬಿಲ್ಲು ಒಂದು ಹೊಸ ಸ್ಕೂಟರಿನ ಬೆಲೆಯನ್ನು ಮೀರಬಹುದು. ಸರ್ವಿಸ್ ದಾಖಲೆ ಪೂರ್ತಿ ಇಲ್ಲದ ಹಳೆಯ ಬೆಂಜನ್ನು ಅಗ್ಗವೆಂದು ಮನೆಗೆ ತರಬೇಡಿ.

ಬೆಂಗಳೂರಿನಲ್ಲಿ ಬರೆಯುವ ಕಾರು

ಸಂಸ್ಥೆಯ ರೂಪವೂ ಬದಲಾಗಿದೆ. 1998ರಲ್ಲಿ ಅಮೆರಿಕದ ಕ್ರೈಸ್ಲರ್ ಜೊತೆ ಕೂಡಿ, ಹೊಂದದೆ 2007ರಲ್ಲಿ ಬೇರೆಯಾಯಿತು. 2021ರಲ್ಲಿ ಲಾರಿ ವಿಭಾಗವೂ ಪ್ರತ್ಯೇಕವಾಯಿತು. ಉಳಿದ ಕಾರು ಕಂಪನಿಗೆ 2022ರಿಂದ ಮರ್ಸಿಡಿಸ್-ಬೆಂಜ್ ಗ್ರೂಪ್ ಎಂದು ಹೆಸರು. ಡೀಸೆಲ್ ಹೊಗೆಯ ಅಳತೆಯಲ್ಲಿ ಮೋಸದ ಆರೋಪ ಎದುರಿಸಿ 2020ರಲ್ಲಿ ಅಮೆರಿಕದಲ್ಲಿ ಭಾರೀ ಮೊತ್ತ ಕಟ್ಟಲು ಒಪ್ಪಿದ್ದೂ ಈ ಅವಧಿಯ ಕಥೆಯೇ.

ಅತ್ತ 1996ರಲ್ಲಿ ಬೆಂಗಳೂರಿನಲ್ಲಿ ಸಣ್ಣದಾಗಿ ಆರಂಭವಾದ ಸಂಶೋಧನಾ ಕೇಂದ್ರ ಇಂದು ಜರ್ಮನಿಯ ಹೊರಗೆ ಸಂಸ್ಥೆಗಿರುವ ಅತಿ ದೊಡ್ಡ ಕೇಂದ್ರ. ಸಾವಿರಾರು ಎಂಜಿನಿಯರ್‌ಗಳು ಕಾರಿನ ತಂತ್ರಾಂಶ ಬರೆಯುತ್ತಾರೆ, ಕಾರು ಕಟ್ಟುವ ಮೊದಲೇ ಗಣಕದಲ್ಲಿ ಅದನ್ನು ಗುದ್ದಿಸಿ ನೋಡುತ್ತಾರೆ. ರಾಕೆಟ್ ಕಟ್ಟುವ ಅಗತ್ಯ ಈಗಿಲ್ಲ. 2022ರ ಏಪ್ರಿಲ್‌ನಲ್ಲಿ ಒಂದೇ ಚಾರ್ಜಿನಲ್ಲಿ ಜರ್ಮನಿಯಿಂದ ಫ್ರಾನ್ಸಿನ ಕರಾವಳಿಗೆ ಸಾವಿರ ಕಿಲೋಮೀಟರ್ ಮೀರಿ ಓಡಿದ ಇಕ್ಯೂಎಕ್ಸ್ಎಕ್ಸ್ ಎಂಬ ಪ್ರಾಯೋಗಿಕ ವಿದ್ಯುತ್ ಕಾರಿನ ಕೆಲಸದಲ್ಲಿ ಇಲ್ಲಿಯವರ ಪಾಲೂ ಇತ್ತು.

ದುಬಾರಿ ಕಾರಿನಲ್ಲಿ ಮೊದಲು ಪರೀಕ್ಷಿಸುವ ಹಳೆಯ ರೂಢಿ ತಂತ್ರಾಂಶದಲ್ಲೂ ಮುಂದುವರಿದಿದೆ. 2022ರಲ್ಲಿ ಜರ್ಮನಿಯಲ್ಲಿ ಎಸ್-ಕ್ಲಾಸ್ ಕೊಂಡವರಿಗೆ ಹೊಸದೊಂದು ವ್ಯವಸ್ಥೆ ಮಾರಾಟಕ್ಕೆ ಬಂತು. ಹೆದ್ದಾರಿಯ ದಟ್ಟಣೆಯಲ್ಲಿ, ಗಂಟೆಗೆ 60 ಕಿಲೋಮೀಟರ್ ಒಳಗೆ, ಕಾರು ತಾನೇ ಓಡುತ್ತಿತ್ತು. ಚಾಲಕ ರಸ್ತೆಯಿಂದ ಕಣ್ಣು ತೆಗೆಯಬಹುದಿತ್ತು, ಕಾರು ಕರೆದಾಗ ಮಾತ್ರ ಸ್ಟೀರಿಂಗ್ ಹಿಡಿಯಬೇಕಿತ್ತು. ಆ ದೇಶ ಇದಕ್ಕಾಗಿ ಮೊದಲೇ ಕಾನೂನು ತಿದ್ದಿಕೊಂಡಿತ್ತು. ನಮ್ಮಲ್ಲಿ ಅಂಥ ಕಾನೂನಿಲ್ಲ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಕಾರು ಎಷ್ಟು ಕೋಟಿಯದಾದರೂ ಸ್ಟೀರಿಂಗ್ ಮುಂದೆ ಕುಳಿತವನೇ ಹೊಣೆ.